ಏಳು ಕಂಪನಿ, ಒಂದೇ ಹಿಮ

ಆ ವರ್ಷ ಫೆಬ್ರವರಿ ಅರ್ಧ ಕಳೆದರೂ ಸುರ್‌ವಾಲ್ ಕಣಿವೆಯಲ್ಲಿ ಹಿಮದ ಸುಳಿವಿರಲಿಲ್ಲ. ಎರಡು ಸಲ ಬಿದ್ದದ್ದೇನೋ ನಿಜ. ಅದೂ ಬೆಳಿಗ್ಗೆ ಬಿದ್ದು ಮಧ್ಯಾಹ್ನಕ್ಕೆ ಕರಗಿಹೋಯಿತು. ಇಳಿಜಾರಿನ ತುಂಬ ಕಂದು ಬಣ್ಣದ ಹುಲ್ಲು. ರೋಪ್‌ವೇ ತೊಟ್ಟಿಲುಗಳು, ಹಿಮದ ಮೇಲೆ ಸ್ಕೀ ಜಾರಲು ಬರುವ ಪ್ರವಾಸಿಗರಿಲ್ಲದೆ, ಖಾಲಿಯಾಗಿ ಮೇಲೆ ಹೋಗಿ ಖಾಲಿಯಾಗಿ ಕೆಳಗೆ ಬರುತ್ತಿದ್ದವು. ಬೇಕರಿಯಲ್ಲಿ, ಬಸ್ ನಿಲ್ದಾಣದಲ್ಲಿ, ಚರ್ಚಿನ ಬಾಗಿಲಲ್ಲಿ ಎಲ್ಲರದ್ದೂ ಒಂದೇ ಮಾತು. ಬೀಳುತ್ತಾ? ಬೀಳಬಹುದು. ಮುಂದಿನ ವಾರ ನೋಡೋಣ.

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವನು ಟುಮಾಷ್. ಮೂವತ್ತನಾಲ್ಕು ವರ್ಷ ಇದೇ ಕಣಿವೆಯಲ್ಲಿ ಅಂಚೆ ಇಲಾಖೆಯ ಹಳದಿ ಪ್ರಯಾಣಿಕರ ಬಸ್ಸು ಓಡಿಸಿ, ಐದು ವರ್ಷದ ಹಿಂದೆ ನಿವೃತ್ತನಾದವನು. ಬೆಳಿಗ್ಗೆ ಎದ್ದ ಕೂಡಲೆ ಕಿಟಕಿ ತೆರೆದು ಆಕಾಶ ನೋಡುತ್ತಿದ್ದ. ಆಮೇಲೆ ಫೋನಿನಲ್ಲಿ ಹವಾಮಾನ ನೋಡುತ್ತಿದ್ದ. ಎರಡೂ ಒಂದೇ ಹೇಳಿದರೆ ಇನ್ನೊಂದು ಫೋನು ಇದ್ದಿದ್ದರೆ ಚೆನ್ನಾಗಿತ್ತು ಎನ್ನುವ ಮುಖ ಮಾಡಿಕೊಂಡು ಅಡುಗೆಮನೆಗೆ ಬರುತ್ತಿದ್ದ.

"ಗುರುವಾರ ಬೀಳುತ್ತಂತೆ ಕಣೆ."

"ಹೋದ ಗುರುವಾರಾನೂ ಬೀಳುತ್ತಂತೆ ಅಂದಿದ್ದೆಯಲ್ಲ" ಎಂದಳು ಅವನ ಹೆಂಡತಿ ಮೆಂಗಿಯಾ.

ಮೆಂಗಿಯಾ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು. ನಮ್ಮ ಕಡೆಯ ರೈ ಬ್ರೆಡ್ಡು ಗಟ್ಟಿ. ಅದನ್ನು ಅಗಿಯಲು ಹಲ್ಲು ಬೇಕು. ಅವಳ ಎಡಗಡೆ ದವಡೆಯಲ್ಲಿ ಎರಡು ಹಲ್ಲು ಪೂರ್ತಿ ಕೆಟ್ಟಿದ್ದವು. ಕೂರ್ ಪಟ್ಟಣದ ದಂತವೈದ್ಯೆ ನವೆಂಬರಿನಲ್ಲೇ ಹೇಳಿದ್ದರು, ಹೊಸ ವರ್ಷದೊಳಗೆ ಸರಿಮಾಡಿಸಿ, ತಡ ಮಾಡಿದರೆ ಪಕ್ಕದ ಹಲ್ಲುಗಳೂ ಹೋಗುತ್ತವೆ, ಆಮೇಲೆ ಮೂಳೆಗೂ ಹಿಡಿಯುತ್ತದೆ ಎಂದು. ಖರ್ಚು ಒಂಬತ್ತು ಸಾವಿರ ಫ್ರಾಂಕ್. ನಮ್ಮ ದೇಶದಲ್ಲಿ ಮೊಣಕಾಲು ಮುರಿದರೆ ವಿಮೆ ಕೊಡುತ್ತದೆ, ಹೃದಯ ಕೈಕೊಟ್ಟರೂ ಕೊಡುತ್ತದೆ. ಹಲ್ಲಿಗೆ ಮಾತ್ರ ಅವರವರ ಕಿಸೆಯೇ ಗತಿ. ಮೆಂಗಿಯಾ ಆ ಅಂದಾಜು ಪಟ್ಟಿಯನ್ನು ಚಮಚೆಗಳ ಡ್ರಾಯರಿನಲ್ಲಿ ಇಟ್ಟು, ಮುಂದಿನ ವರ್ಷ ನೋಡೋಣ ಎಂದಿದ್ದಳು. ಟುಮಾಷ್ ಸರಿ ಎಂದಿದ್ದ. ಅವಳಿಗೆ ಬೇಜಾರಾದದ್ದು ಹಲ್ಲಿನ ನೋವಿಗಲ್ಲ, ಅವನು ಅಷ್ಟು ಬೇಗ ಸರಿ ಎಂದದ್ದಕ್ಕೆ.

ದುಡ್ಡು ಇರಲಿಲ್ಲವೆಂದಲ್ಲ. ಪ್ರತಿ ತಿಂಗಳು ಸರ್ಕಾರದ ವೃದ್ಧಾಪ್ಯ ಪಿಂಚಣಿ ಬರುತ್ತಿತ್ತು. ಬಾಡಿಗೆ, ಊಟ, ವಿಮೆಯ ಕಂತು ಅದರಲ್ಲೇ ಕಳೆಯುತ್ತಿತ್ತು. ಅದರ ಮೇಲಿನ ಖರ್ಚಿಗೆಂದು ನಿವೃತ್ತಿಯ ದಿನ ಕೈಗೆ ಬಂದ ಇಡಿಗಂಟು ಇತ್ತು, ಎರಡು ಲಕ್ಷದ ಹತ್ತು ಸಾವಿರ ಫ್ರಾಂಕ್. ಮೂವತ್ತನಾಲ್ಕು ವರ್ಷದ ಸಂಬಳದಿಂದ ಚೂರು ಚೂರೇ ಹಿಡಿದು ಬೆಳೆಸಿದ ಹಣ. ಆ ಹಣ ಈಗ ಎಲ್ಲಿತ್ತು ಎಂದರೆ, ಕಿಟಕಿಯಿಂದ ಕಾಣುವ ಹಾಗೆ ಇಳಿಜಾರಿನ ಮೇಲೆಯೇ ಇತ್ತು.

ನಮ್ಮ ಕಣಿವೆಯಲ್ಲಿ ರೋಪ್‌ವೇ ಕಂಪನಿಯ ಷೇರನ್ನು ಬರೀ ಷೇರು ಎಂದುಕೊಂಡವರು ಯಾರೂ ಇಲ್ಲ. ಮದುವೆಗೆ ಅದನ್ನೇ ಉಡುಗೊರೆ ಕೊಡುತ್ತಾರೆ. ಮಗುವಿಗೆ ಹೆಸರಿಟ್ಟ ದಿನ ತೊಟ್ಟಿಲಲ್ಲಿ ಇಡುತ್ತಾರೆ. ಮೆಂಗಿಯಾಳ ಹೆಸರಿನಲ್ಲೂ ಎರಡಿದ್ದವು, ಮದುವೆಯಲ್ಲಿ ದೊಡ್ಡಮ್ಮ ಕೊಟ್ಟದ್ದು. ಷೇರು ಇದ್ದವರಿಗೆ ವರ್ಷಕ್ಕೊಮ್ಮೆ ಸಭೆ, ಸಭೆಯ ಕೊನೆಗೆ ಪುಷ್ಕಳ ಊಟ, ಜೊತೆಗೆ ರೋಪ್‌ವೇಯ ಪುಕ್ಕಟೆ ಪಾಸು. ಕೊಳ್ಳಬೇಕಾದರೂ ಮಾರಬೇಕಾದರೂ ಅದೇ ಕಂಪನಿಯ ಕಚೇರಿಯ ಕಿಟಕಿಗೆ ಹೋಗಿ ಹೆಸರು ಬರೆಸಬೇಕು. ಮಾರಿದವರು ಯಾರು ಎನ್ನುವುದು ಸಂಜೆಯೊಳಗೆ ಬೇಕರಿಗೆ ಗೊತ್ತಾಗುತ್ತದೆ. ಹಾಗಾಗಿ ಕೊಳ್ಳುವವರು ಬಹಳ, ಮಾರುವವರು ಕಡಿಮೆ.

ನಿವೃತ್ತನಾದ ಟುಮಾಷ್ ಒಂದು ಲಕ್ಷದ ತೊಂಬತ್ತು ಸಾವಿರವನ್ನು ಇಂಥ ಊರಿನ ಕಂಪನಿಗಳಿಗೇ ಹಾಕಿದ. ಮೊದಲ ಎರಡು ವರ್ಷ ಲಾಭಾಂಶ ಚೆನ್ನಾಗಿ ಬಂತು. ಆಮೇಲೆ ಮೂರು ಚಳಿಗಾಲ ಹಿಮ ಕೈಕೊಟ್ಟಿತು. ಬ್ಯಾಂಕಿನಲ್ಲಿ ಈಗ ಉಳಿದದ್ದು ಹದಿನಾಲ್ಕು ಸಾವಿರ. ಅದನ್ನು ಹಲ್ಲಿಗೆ ಮುರಿಯಲು ಮೆಂಗಿಯಾಳಿಗೆ ಮನಸ್ಸು ಬಂದಿರಲಿಲ್ಲ.

ಆ ಗುರುವಾರವೂ ಹಿಮ ಬೀಳಲಿಲ್ಲ. ಅದರ ಬದಲು ರೋಪ್‌ವೇ ಕಂಪನಿಯ ಕಾಗದ ಬಂತು. ವಾರ್ಷಿಕ ಸಭೆಯ ಆಹ್ವಾನ, ಜೊತೆಗೊಂದು ಅರ್ಜಿ. ಹಿಮ ಮಾಡುವ ಯಂತ್ರ ತರಿಸಬೇಕು, ಅದಕ್ಕೆ ಹೊಸ ಷೇರು ಬಿಡುತ್ತಿದ್ದೇವೆ, ಊರವರು ಕೈಜೋಡಿಸಬೇಕು ಎಂದು ಬರೆದಿತ್ತು. ಟುಮಾಷ್ ಕನ್ನಡಕ ಹಾಕಿಕೊಂಡು ಪೆನ್ನು ಹುಡುಕತೊಡಗಿದ.

ಅಷ್ಟರಲ್ಲಿ ಪಕ್ಕದ ಮನೆಯ ಒಟ್ಟೀಲಿಯಾ ಬಂದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮೆಂಗಿಯಾಳಿಗೆ ಗೆಳತಿ, ಟುಮಾಷನಿಗೆ ಹಳೆಯ ಸಹೋದ್ಯೋಗಿ. ಕಾಲೆಳೆಯುವ ಹಕ್ಕು ಅವಳಿಗೆ ಎರಡು ಕಡೆಯಿಂದಲೂ ಇತ್ತು.

"ಏನೋ ಡ್ರೈವರ್, ದಿನಾ ಕಿಟಕೀಲೇ ಇರ್ತೀಯಲ್ಲ. ಆಕಾಶ ನೋಡಿಕೊಳ್ಳೋ ಕೆಲಸಕ್ಕೆ ಸಂಬಳ ಎಷ್ಟು ಕೊಡ್ತಾರೆ?"

"ಬಾರಮ್ಮ, ಕೂತ್ಕೋ. ನಾನು ಕೆಲಸದಲ್ಲಿದೀನಿ. ಹೊಸ ಷೇರು ಬಿಟ್ಟಿದಾರೆ. ಹತ್ತು ಸಾವಿರಕ್ಕೆ ಬರೀತಿದೀನಿ."

ಮೆಂಗಿಯಾಳ ಕೈಯಲ್ಲಿದ್ದ ಕಾಫಿ ಹೂಜಿ ಹಾಗೇ ನಿಂತಿತು. ಹದಿನಾಲ್ಕರಲ್ಲಿ ಹತ್ತು ಹೋದರೆ ನಾಲ್ಕು. ಹಲ್ಲಿಗೆ ಒಂಬತ್ತು. ಈ ಲೆಕ್ಕಕ್ಕೆ ಪೆನ್ನೂ ಬೇಕಾಗಿರಲಿಲ್ಲ. ಹೂಜಿ ಬಗ್ಗಿಸಿ ಕಾಫಿ ಸುರಿದಳು. ಆದರೆ ಒಟ್ಟೀಲಿಯಾ ಐವತ್ತು ಮುಖಗಳ ಸಾಲನ್ನು ಕೌಂಟರಿನಿಂದ ದಿನಾ ನೋಡಿದವಳು. ಅವಳಿಗೆ ತಿಳಿಯಿತು.

"ಇರೋ ದುಡ್ಡೆಲ್ಲಾ ಒಂದೇ ಕಡೆ ಯಾಕೋ ಸುರೀತೀಯ?" ಎಂದಳು.

"ಒಂದೇ ಕಡೆ ಅಂತ ಯಾರು ಹೇಳಿದ್ದು? ನಾನೇನು ದಡ್ಡನಾ? ಹಂಚಿ ಹಾಕಿ ಅಂತ ಎಲ್ಲಾ ಪುಸ್ತಕದಲ್ಲೂ ಬರೆದಿರ್ತಾರೆ. ಹಂಚಿದೀನಿ. ಏಳು ಕಂಪನಿ." ಟುಮಾಷ್ ಬೆರಳು ಮಡಚಿದ. "ರೋಪ್‌ವೇ. ಮೇಲಿನ ಹೋಟೆಲು. ಕೆಳಗಿನ ಹೋಟೆಲು. ಸ್ಕೀ ಬಾಡಿಗೆ ಅಂಗಡಿ. ರಜಾ ಮನೆಗಳ ಕಂಪನಿ. ಬಿಯರ್ ಫ್ಯಾಕ್ಟರಿ. ಚೀಸ್ ಡೈರಿ."

"ಸರಿ. ಈ ವರ್ಷ ಹಿಮ ಬೀಳಲಿಲ್ಲ. ರೋಪ್‌ವೇ ಏನಾಯ್ತು?"

"ಜನ ಬರಲಿಲ್ಲ."

"ಹೋಟೆಲು?"

"ಎರಡೂ ಖಾಲಿ."

"ಬಾಡಿಗೆ ಅಂಗಡಿ ಬೇಡ ಬಿಡು, ಪಾಪ, ಅವನು ಬಾಗಿಲಲ್ಲಿ ಕೂತು ನಿದ್ದೆ ಮಾಡ್ತಿರ್ತಾನೆ. ರಜಾ ಮನೆ?"

"ಬುಕಿಂಗ್ ಎಲ್ಲಾ ರದ್ದು."

"ಬಿಯರ್?"

ಟುಮಾಷ್ ಸ್ವಲ್ಪ ಯೋಚಿಸಿದ. "ನಾವು ಕುಡೀತೀವಲ್ಲ."

"ನೀನೊಬ್ಬ ಕುಡಿದು ಫ್ಯಾಕ್ಟರಿ ಉಳಿಸ್ತೀಯಾ?"

"ಚೀಸ್ ಇದೆಯಲ್ಲಮ್ಮ" ಎಂದ ಟುಮಾಷ್, ಕೊನೆಗೂ ಗೆದ್ದವನ ಹಾಗೆ. "ಹಸುಗೆ ಹಿಮ ಬೇಕಾಗಿಲ್ಲ."

"ಬೇಕಾಗಿಲ್ಲ, ಸರಿ. ಚೀಸ್ ಯಾರು ಕೊಳ್ತಾರೆ?"

ಟುಮಾಷ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಹೋಟೆಲ್ನೋರು" ಎಂದ ಮೆಲ್ಲಗೆ.

ಮೆಂಗಿಯಾಳಿಗೆ ನಗು ಬಂತು. ನಕ್ಕಿದ್ದೇ ತಡ ದವಡೆ ಚಳಕ್ ಎಂದಿತು. ಕೆನ್ನೆಗೆ ಕೈ ಒತ್ತಿ ಹಿಡಿದಳು. ಟುಮಾಷ್ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ.

"ನೋಡೋ" ಎಂದಳು ಒಟ್ಟೀಲಿಯಾ, ಈಗ ತಮಾಷೆ ಬಿಟ್ಟು. "ನಿನ್ನ ಬಸ್ಸು ಎಷ್ಟು ಕಡೆ ನಿಲ್ತಿತ್ತು?"

"ಹನ್ನೊಂದು."

"ಕಮರೀಲಿ ರಸ್ತೆಗೆ ಬಂಡೆ ಉರುಳಿದ ದಿನ ಎಷ್ಟು ಕಡೆ ನಿಂತಿತು?"

"ರಸ್ತೆ ಒಂದೇ ಅಲ್ವಾ. ಎಲ್ಲೂ ಇಲ್ಲ."

"ಅಷ್ಟೇ ನಾನು ಹೇಳೋದು. ಹೆಸರು ಏಳಿದ್ರೆ ಹಂಚಿದ ಹಾಗಲ್ಲ. ಒಂದು ಬಿದ್ದ ದಿನ ಇನ್ನೊಂದು ನಿಂತಿರಬೇಕು. ಆಗ ಹಂಚಿದ ಹಾಗೆ."

ಟುಮಾಷ್ ಪೆನ್ನು ಕೆಳಗಿಟ್ಟು ಕೇಳಿದ. "ನೀನೇನು ಮಾಡಿದೀಯ ಹಾಗಾದ್ರೆ, ಜಾಣೆ?"

"ನಾನು ಜಾಣೆ ಅಲ್ಲಪ್ಪ, ಸೋಮಾರಿ. ಮೂರು ಬುಟ್ಟಿ ಮಾಡಿದೀನಿ. ಮೂರು ವರ್ಷಕ್ಕೆ ಬೇಕಾಗೋ ಮೇಲ್ಖರ್ಚು ಬ್ಯಾಂಕಲ್ಲಿದೆ. ಹಲ್ಲು, ಕನ್ನಡಕ, ಮಗಳ ಮನೆಗೆ ಹೋಗಿಬರೋದು, ಎಲ್ಲಾ ಅದರಲ್ಲಿ. ಎರಡನೇದು ಸಾಲಪತ್ರದ ಫಂಡು. ಬೇರೆ ಬೇರೆ ಸರ್ಕಾರ, ಬೇರೆ ಬೇರೆ ಕಂಪನಿಗಳಿಗೆ ಕೊಟ್ಟ ಸಾಲ, ನಮ್ಮ ಫ್ರಾಂಕಲ್ಲೇ. ಬಡ್ಡಿ ಕಡಿಮೆ, ಗಲಾಟೆ ಕಡಿಮೆ. ಮೂರನೇದು ಒಂದೇ ಒಂದು ಷೇರು ಫಂಡು. ಅದರೊಳಗೆ ಪ್ರಪಂಚದ ಸಾವಿರಾರು ಕಂಪನಿ ಇವೆ. ಒಬ್ಬ ಔಷಧಿ ಮಾಡ್ತಾನೆ, ಒಬ್ಬ ಸೋಪು ಮಾಡ್ತಾನೆ, ಇನ್ನೊಬ್ಬ ರೈಲು ಮಾಡ್ತಾನೆ. ಅವರಿಗೆ ಸುರ್‌ವಾಲ್ ಎಲ್ಲಿದೆ ಅಂತಾನೂ ಗೊತ್ತಿಲ್ಲ."

"ಅದು ಬೀಳಲ್ವಾ?"

"ಬೀಳುತ್ತೆ. ಎರಡು ಸಲ ಚೆನ್ನಾಗೇ ಬಿತ್ತು. ಆಗ ನಾನು ಅದನ್ನ ಮುಟ್ಟಲಿಲ್ಲ. ಬ್ಯಾಂಕಲ್ಲಿದ್ದ ದುಡ್ಡಲ್ಲಿ ಬದುಕಿದೆ. ಮತ್ತೆ ಏರೋವರೆಗೂ ಕಾದೆ. ಏರೇ ಏರುತ್ತೆ ಅಂತ ಯಾರೂ ಬರೆದುಕೊಡಲ್ಲ ಕಣೋ. ಅದಕ್ಕೇ ಮೂರು ಬುಟ್ಟಿ."

"ದಿನಾ ನೋಡ್ತಾ ಕೂರಬೇಕು."

"ವರ್ಷಕ್ಕೊಂದೇ ಸಲ ನೋಡೋದು. ಸೆಪ್ಟೆಂಬರಲ್ಲಿ ಹಸುಗಳು ಬೆಟ್ಟದಿಂದ ಇಳಿದು ಬರ್ತಾವಲ್ಲ, ಅದರ ಮಾರನೇ ದಿನ. ಒಂದು ಬುಟ್ಟಿ ಜಾಸ್ತಿ ಉಬ್ಬಿದ್ರೆ ಅದರಿಂದ ತೆಗೆದು ಇನ್ನೊಂದಕ್ಕೆ ಹಾಕ್ತೀನಿ. ಅರ್ಧ ಗಂಟೆ. ಆಮೇಲೆ ಆಲೂಗಡ್ಡೆ ಅಗೆಯೋಕೆ ಹೋಗ್ತೀನಿ."

"ಬ್ಯಾಂಕಿನೋರು ಹೇಳಿಕೊಟ್ರಾ?"

"ಬ್ಯಾಂಕಿನೋರು ಅವರ ಅಂಗಡಿ ಸಾಮಾನನ್ನೇ ಹೊಗಳ್ತಾರೆ. ನಾನು ಕೂರ್‌ನಲ್ಲಿ ಗಂಟೆ ಲೆಕ್ಕದಲ್ಲಿ ಫೀಸು ತಗೊಳ್ಳೋ ಸಲಹೆಗಾರರ ಹತ್ರ ಹೋದೆ. ಅವರು ಏನನ್ನೂ ಮಾರಲ್ಲ. ಅವರು ಹೇಳಿದ ಮೊದಲನೇ ಮಾತು, ಫಂಡಿನೋರು ನಡೆಸೋ ಫೀಸು ಅಂತ ವರ್ಷಕ್ಕೆ ಎಷ್ಟು ಹಿಡ್ಕೋತಾರೆ ಕೇಳಿ ಅಂತ. ನೂರಕ್ಕೆ ಎರಡು ಫ್ರಾಂಕ್ ಹಿಡಿಯೋರೂ ಇದಾರೆ, ಕಾಲು ಫ್ರಾಂಕ್ ಹಿಡಿಯೋರೂ ಇದಾರೆ. ಕಾಲು ಫ್ರಾಂಕಿನೋರನ್ನ ಹುಡುಕ್ದೆ."

ಟುಮಾಷ್ ಎದ್ದು ಕಿಟಕಿಯ ಹತ್ತಿರ ಹೋದ. ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

"ನಿನ್ನ ಲೆಕ್ಕ ಸರಿ ಒಟ್ಟೀಲಿಯಾ. ಆದ್ರೆ ಆ ರೋಪ್‌ವೇ ತಂತಿ ಎಳೆಯೋವಾಗ ನಮ್ಮಪ್ಪ ಕಂಬ ಹೊತ್ತಿದಾನೆ. ನಾನು ಬಸ್ಸಲ್ಲಿ ಕರ್ಕೊಂಡು ಬಂದ ಜನದಿಂದಾನೇ ಇದೆಲ್ಲಾ ಬೆಳೆದದ್ದು. ಈಗ ಕಷ್ಟ ಬಂತು ಅಂತ ಹೋಗಿ ಆ ಕಿಟಕೀಲಿ ಮಾರ್ತೀನಿ ಅಂತ ಹೆಸರು ಬರೆಸ್ಲಾ? ಊರಿಗೆ ಯಾವ ಮುಖ ತೋರಿಸ್ಲಿ?"

ಒಟ್ಟೀಲಿಯಾ ತನ್ನ ಕಾಫಿ ಬಟ್ಟಲನ್ನು ಕೈಗೆತ್ತಿಕೊಂಡಳು. ಮೆಂಗಿಯಾಳಿಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು. ಟುಮಾಷ್ ಅರ್ಜಿ ತುಂಬಿ, ಸಹಿ ಹಾಕಿ, ಮಡಚಿ, ಕೋಟಿನ ಒಳಜೇಬಿಗೆ ಸೇರಿಸಿದ. ಸಭೆಯ ದಿನ ಎಲ್ಲರೆದುರು ಕೊಡುವುದೆಂದು ತೀರ್ಮಾನಿಸಿದ್ದ.

ಸಭೆ ನಡೆದದ್ದು ಮಾರ್ಚಿನ ಒಂದು ಶನಿವಾರ, ಶಾಲೆಯ ಆಟದ ಸಭಾಂಗಣದಲ್ಲಿ. ಮುನ್ನೂರು ಜನ ಸೇರಿದ್ದರು. ಹಿಂದಿನ ಅಡುಗೆಮನೆಯಿಂದ ಬಾರ್ಲಿ ಸೂಪಿನ ವಾಸನೆ ಬರುತ್ತಿತ್ತು. ಅಧ್ಯಕ್ಷರು ಎದ್ದು ಈ ವರ್ಷವೂ ಲಾಭಾಂಶ ಇಲ್ಲವೆಂದರು. ಯಾರೂ ಗೊಣಗಲಿಲ್ಲ. ಹಿಮದ ಯಂತ್ರದ ಚಿತ್ರ ತೋರಿಸಿದರು. ಎಲ್ಲರೂ ತಲೆಯಾಡಿಸಿದರು. ಹೊಸ ಷೇರಿನ ಅರ್ಜಿಗಳನ್ನು ಬಾಗಿಲ ಪಕ್ಕದ ಪೆಟ್ಟಿಗೆಗೆ ಹಾಕಬೇಕೆಂದು ಹೇಳಿ, ಪ್ರಶ್ನೆಗಳಿದ್ದರೆ ಕೇಳಿ ಎಂದರು.

ಇಂಥ ಸಭೆಗಳಲ್ಲಿ ಪ್ರಶ್ನೆ ಕೇಳುವವರು ಮೂರೇ ಜನ, ಮೂವರೂ ಗಂಡಸರು, ಪ್ರತಿ ವರ್ಷವೂ ಅದೇ ಪ್ರಶ್ನೆ. ಪಾರ್ಕಿಂಗ್ ಬಗ್ಗೆ ಒಬ್ಬ ಕೇಳಿದ. ಮೇಲಿನ ನಿಲ್ದಾಣದ ಕಕ್ಕಸಿನ ಬಗ್ಗೆ ಇನ್ನೊಬ್ಬ ಕೇಳಿದ. ಮೂರನೆಯವನು ಏಳುವ ಮೊದಲೇ ಮೆಂಗಿಯಾ ಕೈಯೆತ್ತಿದಳು.

ಟುಮಾಷ್ ಬೆಚ್ಚಿಬಿದ್ದು ನೋಡಿದ. ನಲವತ್ತು ವರ್ಷದಲ್ಲಿ ಅವಳು ಸಭೆಯಲ್ಲಿ ಬಾಯಿಬಿಟ್ಟವಳಲ್ಲ. ಆದರೆ ಎರಡು ಷೇರು ಅವಳ ಹೆಸರಿನಲ್ಲಿದ್ದವು, ಕೇಳುವ ಹಕ್ಕು ಇತ್ತು.

"ನಮ್ಮ ರೋಪ್‌ವೇ ನೌಕರರಿಗೆ ಪಿಂಚಣಿ ನಿಧಿ ಇದೆಯಲ್ಲ" ಎಂದಳು ಎದ್ದು ನಿಂತು. "ಆ ದುಡ್ಡನ್ನ ಎಲ್ಲಿಟ್ಟಿದೀರಿ?"

ಅಧ್ಯಕ್ಷರು ಖಜಾಂಚಿಯ ಕಡೆ ನೋಡಿದರು. ಖಜಾಂಚಿ ಜಾಕೆನ್ ನೇರ ನಡೆಯ ಮನುಷ್ಯ, ಮಾತು ತಿರುಚಲು ಬಾರದವನು.

"ಅದು ಹೊರಗಡೆ ಇದೆ ಮೆಂಗಿಯಾ. ಸಾಲಪತ್ರ, ಬೇರೆ ಬೇರೆ ದೇಶದ ಷೇರು, ಸ್ವಲ್ಪ ನೆಲ. ನಾಲ್ಕಾರು ಕಡೆ ಹಂಚಿದೀವಿ."

"ನಮ್ಮ ರೋಪ್‌ವೇಗೆ ಯಾಕೆ ಹಾಕಿಲ್ಲ?"

"ನಿಯಮ ಬಿಡಲ್ಲ. ಅಲ್ಪಸ್ವಲ್ಪ ಬಿಟ್ರೆ ಪಿಂಚಣಿ ದುಡ್ಡನ್ನ ಅದೇ ಕಂಪನೀಲಿ ಇಡೋ ಹಾಗಿಲ್ಲ." ಜಾಕೆನ್ ಒಂದು ಕ್ಷಣ ತಡೆದು, ಪ್ರಾಮಾಣಿಕವಾಗಿ ಮುಂದುವರಿಸಿದ. "ನಿಯಮ ಬಿಟ್ರೂ ನಾನಂತೂ ಇಡ್ತಿರಲಿಲ್ಲ. ಹಿಮ ಬೀಳದೇ ಹೋದ್ರೆ ಹುಡುಗರ ಕೆಲಸಾನೂ ಹೋಗುತ್ತೆ, ಪಿಂಚಣೀನೂ ಹೋಗುತ್ತೆ. ಒಬ್ಬ ಮನುಷ್ಯನಿಗೆ ಎರಡು ಹೊಡೆತ ಒಟ್ಟಿಗೆ ಬೀಳಬಾರದಲ್ಲ."

ಸಭೆಯಲ್ಲಿ ಕೆಲವರು ನಕ್ಕರು. ಕೆಲವರು ನಗಲಿಲ್ಲ. ಮೆಂಗಿಯಾ ಥ್ಯಾಂಕ್ಸ್ ಹೇಳಿ ಕೂತಳು. ಟುಮಾಷ್ ನೇರ ಮುಂದೆ ನೋಡುತ್ತಾ ಕೂತಿದ್ದ. ಕೋಟಿನ ಒಳಜೇಬಿನ ಮೇಲೆ ಅವನ ಕೈ ಇತ್ತು. ಕಂಪನಿಯ ಖಜಾಂಚಿಯೇ ತನ್ನ ನೌಕರರ ಮುದಿತನವನ್ನು ಹಿಮಕ್ಕೆ ಒಪ್ಪಿಸಿರಲಿಲ್ಲ. ಊರಿಗೆ ದ್ರೋಹವಾಯಿತೆಂದು ಜಾಕೆನ್‌ನನ್ನು ಯಾರೂ ಬೈದಿರಲಿಲ್ಲ.

ಊಟಕ್ಕೆ ಸೂಪು, ಬ್ರೆಡ್ಡು, ಒಣಮಾಂಸ. ಮೆಂಗಿಯಾ ಸೂಪು ಕುಡಿದಳು. ಮಾಂಸವನ್ನು ಚಾಕುವಿನಲ್ಲಿ ಸಾಸಿವೆಯಷ್ಟು ಸಣ್ಣಗೆ ಕತ್ತರಿಸಿ, ಬಲಗಡೆ ಇಟ್ಟುಕೊಂಡು ನುಂಗಿದಳು. ಎದುರಿಗೆ ಕೂತಿದ್ದ ಟುಮಾಷ್ ಈ ಸಲ ಬೇರೆ ಕಡೆ ನೋಡಲಿಲ್ಲ. ಅವಳು ಊಟ ಮುಗಿಸುವವರೆಗೂ ಅವಳನ್ನೇ ನೋಡುತ್ತಿದ್ದ.

ಹೊರಡುವಾಗ ಬಾಗಿಲ ಪಕ್ಕದ ಪೆಟ್ಟಿಗೆಯ ಎದುರು ನಿಂತ. ಅರ್ಜಿ ತೆಗೆದ. ಹತ್ತು ಸಾವಿರ ಎಂದಿದ್ದನ್ನು ಹೊಡೆದುಹಾಕಿ, ಒಂದು ಷೇರು, ಇನ್ನೂರೈವತ್ತು ಫ್ರಾಂಕ್ ಎಂದು ಬರೆದು ಹಾಕಿದ.

"ಇದು ಅಪ್ಪನ ಹೆಸರಲ್ಲಿ ಊರಿಗೆ ಕೊಟ್ಟದ್ದು" ಎಂದ. "ವಾಪಸ್ ಬರದಿದ್ರೂ ಪರವಾಗಿಲ್ಲ."

ಮನೆಯ ದಾರಿಯಲ್ಲಿ ಕಾರಂಜಿಯ ಹತ್ತಿರ ಬಂದಾಗ ಟುಮಾಷ್ ನಿಂತ.

"ನಿನ್ನ ಹಲ್ಲು ನೋಯ್ತಾ ಇದೆ ಅಂತ ನಂಗೆ ಗೊತ್ತಿತ್ತು ಮೆಂಗಿಯಾ. ಡ್ರಾಯರಲ್ಲಿರೋ ಕಾಗದಾನೂ ನೋಡಿದ್ದೆ. ಹಿಮ ಬಿದ್ರೆ ಲಾಭ ಬರುತ್ತೆ, ಆಗ ಮಾಡಿಸೋಣ ಅಂತ ಅಂದ್ಕೊಂಡೇ ಇದ್ದೆ. ದಿನಾ ಬೆಳಿಗ್ಗೆ ಆಕಾಶ ನೋಡ್ತಿದ್ದದ್ದು ಅದಕ್ಕೇ."

ಮೆಂಗಿಯಾಳ ಕಣ್ಣು ತುಂಬಿ ಬಂತು. ಇಷ್ಟು ದಿನ ಅವನಿಗೆ ಕಾಣಲೇ ಇಲ್ಲ ಎಂದುಕೊಂಡಿದ್ದಳು. ಕಂಡಿತ್ತು, ಆದರೂ ಹಿಮವನ್ನೇ ಕಾಯುತ್ತಿದ್ದ ಎನ್ನುವುದು ಅವಳಿಗೆ ಇನ್ನೂ ಹೆಚ್ಚು ಸಂಕಟ ತಂದಿತು.

"ಹೇಳಬಾರದಾಗಿತ್ತಾ?" ಎಂದಳು.

"ನೀನೂ ಹೇಳಬಹುದಿತ್ತು."

"ಹೌದು. ಇಬ್ಬರೂ ಬೆಪ್ಪರೇ."

ಮರುವಾರವೇ ಹಲ್ಲಿನ ಕೆಲಸ ಶುರುವಾಯಿತು, ಬ್ಯಾಂಕಿನಲ್ಲಿದ್ದ ಹಣದಿಂದ. ಏಪ್ರಿಲ್ ಕೊನೆಗೆ ಮುಗಿಯಿತು. ತಡವಾದದ್ದಕ್ಕೆ ಎರಡರ ಬದಲು ಮೂರು ಹಲ್ಲು ಹೋದವು. ದಂತವೈದ್ಯೆ ಅದನ್ನು ಮುಚ್ಚಿಡದೆ ಹೇಳಿದರು. ಇನ್ನೊಂದು ಚಳಿಗಾಲ ಕಾದಿದ್ದರೆ ಏನಾಗುತ್ತಿತ್ತೆಂದೂ ಹೇಳಿದರು. ಟುಮಾಷ್ ಅದನ್ನು ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ಅವನು ರೋಪ್‌ವೇ ಕಚೇರಿಯ ಕಿಟಕಿಗೆ ಹೋಗಿ ಮಾರುವವರ ಪಟ್ಟಿಯಲ್ಲಿ ಹೆಸರು ಬರೆಸಿದ, ಮಿಕ್ಕ ಆರು ಕಂಪನಿಗಳಲ್ಲೂ ಬರೆಸಿದ. ಸಂಜೆಯೊಳಗೆ ಬೇಕರಿಗೆ ಗೊತ್ತಾಯಿತು.

"ಏನಪ್ಪಾ, ರೋಪ್‌ವೇಯಿಂದ ಇಳಿದುಬಿಟ್ಟೆಯಂತೆ?" ಎಂದ ಬೇಕರಿಯವನು.

"ಪೂರ್ತಿ ಇಳಿದಿಲ್ಲ, ಒಂದು ಕಾಲು ಅಲ್ಲೇ ಇದೆ" ಎಂದ ಟುಮಾಷ್. ಬೇಕರಿಯವನು ಸುತ್ತಲೂ ನೋಡಿ, ದನಿ ತಗ್ಗಿಸಿ, ಆ ಗಂಟೆ ಲೆಕ್ಕದ ಸಲಹೆಗಾರರ ನಂಬರು ಇದೆಯಾ ಎಂದು ಕೇಳಿದ.

ಮಾರಾಟ ಬೇಗ ಆಗಲಿಲ್ಲ. ಪುಕ್ಕಟೆ ಪಾಸಿನ ಆಸೆಗೆ ಪಟ್ಟಣದ ಜನ ಒಬ್ಬೊಬ್ಬರೇ ಬಂದು ಕೊಂಡರು. ಒಂದು ವರ್ಷ ಹಿಡಿಯಿತು. ಮಾರಾಟವಾದದ್ದರಲ್ಲಿ ಹಾಕಿದ ಪ್ರತಿ ನೂರಕ್ಕೆ ಎಪ್ಪತ್ತು ಕೈಗೆ ಬಂತು. ಬಾಡಿಗೆ ಅಂಗಡಿ ಮತ್ತು ಮೇಲಿನ ಹೋಟೆಲಿನ ಷೇರನ್ನು ಇವತ್ತಿಗೂ ಕೊಳ್ಳುವವರಿಲ್ಲ. ಹೋದದ್ದು ಹೋಯಿತು. ಬಂದದ್ದರಲ್ಲಿ ಸಲಹೆಗಾರರೆದುರು ಗಂಡ ಹೆಂಡತಿ ಇಬ್ಬರೂ ಕೂತು ಮೂರು ಬುಟ್ಟಿ ಮಾಡಿದರು. ನಲವತ್ತು ಸಾವಿರ ಬ್ಯಾಂಕಿಗೆ. ಉಳಿದದ್ದರಲ್ಲಿ ಅರ್ಧ ಸಾಲಪತ್ರದ ಫಂಡಿಗೆ, ಅರ್ಧ ಪ್ರಪಂಚದ ಫಂಡಿಗೆ. ಎಲ್ಲೆಲ್ಲಿ ಏನಿದೆ, ಯಾರಿಗೆ ಫೋನ್ ಮಾಡಬೇಕು, ಒಂದು ಬುಟ್ಟಿ ಬಿದ್ದರೆ ಏನು ಮಾಡಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಅಲಮಾರಿನ ಬಾಗಿಲ ಒಳಗಡೆ ಅಂಟಿಸಿದರು. ಬರೆದದ್ದು ಮೆಂಗಿಯಾ. ಟುಮಾಷನ ಅಕ್ಷರ ಟುಮಾಷನಿಗೇ ಓದಲು ಬರುತ್ತಿರಲಿಲ್ಲ.

ಅದರ ಮುಂದಿನ ಸೆಪ್ಟೆಂಬರಿನಲ್ಲಿ ಹಸುಗಳು ಹೂಮಾಲೆ ಹಾಕಿಕೊಂಡು ಬೆಟ್ಟ ಇಳಿದ ದಿನ ಟುಮಾಷ್ ಕೂರ್‌ನ ಆಸ್ಪತ್ರೆಯಲ್ಲಿದ್ದ. ಹರ್ನಿಯಾ ಆಪರೇಷನ್ ಆಗಿತ್ತು. ಮಾರನೇ ದಿನ ಮೆಂಗಿಯಾ ಒಬ್ಬಳೇ ಆ ಹಾಳೆ ಮುಂದಿಟ್ಟುಕೊಂಡು ಕೂತಳು. ಒಟ್ಟೀಲಿಯಾ ಪಕ್ಕದಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು, ಕೇಳಿದರೆ ಮಾತ್ರ ಹೇಳುತ್ತೇನೆಂದು. ಪ್ರಪಂಚದ ಫಂಡು ಆ ವರ್ಷ ಬಿದ್ದಿತ್ತು. ಮೆಂಗಿಯಾ ಆ ಅಂಕಿಯನ್ನು ಎರಡು ಸಲ ನೋಡಿದಳು. ಆಮೇಲೆ ಹಾಳೆಯಲ್ಲಿ ತಾನೇ ಬರೆದ ನಿಯಮ ಓದಿದಳು. ಸಾಲಪತ್ರದ ಬುಟ್ಟಿಯಿಂದ ಸ್ವಲ್ಪ ತೆಗೆದು, ಬಿದ್ದ ಬುಟ್ಟಿಗೆ ಹಾಕಿಸಲು ಫೋನ್ ಮಾಡಿದಳು. ಒಟ್ಟೀಲಿಯಾಳನ್ನು ಒಂದು ಪ್ರಶ್ನೆಯೂ ಕೇಳಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಿಂದ ಟುಮಾಷನ ಫೋನ್ ಬಂತು.

"ನೋಡಿದ್ಯಾ? ಎಷ್ಟು ಬಿದ್ದಿದೆ?"

"ನೋಡಿದೆ. ಮಾಡಬೇಕಾದ್ದೂ ಮಾಡಿದೆ. ಎಷ್ಟು ಅಂತ ಹೇಳಲ್ಲ. ನೀನು ಸುಮ್ನೆ ಮಲಗು."

ಆ ಕಡೆಯಿಂದ ಟುಮಾಷ್ ನಗುವುದು ಕೇಳಿಸಿತು. ಹೊಲಿಗೆ ನೋಯುತ್ತೆ ನಗಿಸಬೇಡ ಎಂದ. ತಾನು ಇಲ್ಲದ ದಿನವೂ ಇವಳು ನಡೆಸಿಕೊಂಡು ಹೋಗಬಲ್ಲಳು ಎಂಬ ನೆಮ್ಮದಿ ಅವನಿಗೆ ಆ ದಿನ ಸಿಕ್ಕಿತು ಎಂದು ಮೆಂಗಿಯಾ ಇವತ್ತಿಗೂ ಹೇಳುತ್ತಾಳೆ.

ನಿವೃತ್ತಿಯಾದವರೇ, ಆಗಲಿರುವವರೇ, ನಿಮ್ಮೂರಲ್ಲಿ ಹಿಮ ಬೀಳದೇ ಇರಬಹುದು. ನಿಮ್ಮ ಹಿಮ ಬೇರೆ ಏನೋ ಇರುತ್ತದೆ. ಒಂದೇ ಬಡಾವಣೆಯ ಮೂರು ಸೈಟು ಇರಬಹುದು. ಒಂದೇ ಸಹಕಾರಿ ಸಂಘದ ಐದು ಠೇವಣಿ ಇರಬಹುದು. ನೀವು ಕೆಲಸ ಮಾಡಿದ ಕಂಪನಿಯ ಷೇರೇ ಇರಬಹುದು. ಇವತ್ತು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ದುಡ್ಡು ಎಲ್ಲೆಲ್ಲಿದೆ ಬರೆಯಿರಿ. ಪ್ರತಿಯೊಂದರ ಮುಂದೆ, ಏನಾದರೆ ಇದು ಬೀಳುತ್ತದೆ ಎಂದು ಬರೆಯಿರಿ. ಎಲ್ಲದರ ಮುಂದೆಯೂ ಒಂದೇ ಮಾತು ಬಂದರೆ ನೀವು ಹಂಚಿಲ್ಲ ಎಂದೇ ಅರ್ಥ. ಕೆಲವು ವರ್ಷದ ಖರ್ಚನ್ನು ಕೈಗೆ ಸಿಗುವ ಹಾಗೆ ಇಡಿ. ಉಳಿದದ್ದನ್ನು ಒಂದಕ್ಕೊಂದು ಸಂಬಂಧವಿಲ್ಲದ ಕಡೆ, ಕಡಿಮೆ ಶುಲ್ಕದಲ್ಲಿ ಹಾಕಿ. ನಿಮಗೆ ಏನನ್ನೂ ಮಾರದವರ ಸಲಹೆ ಕೇಳಿ. ವರ್ಷಕ್ಕೊಂದು ದಿನ ನೋಡಿ, ಮಿಕ್ಕ ದಿನ ನಿಮ್ಮ ಬದುಕು ನೋಡಿಕೊಳ್ಳಿ. ಹಾಳೆಯನ್ನು ಇಬ್ಬರಿಗೂ ಸಿಗುವ ಕಡೆ ಅಂಟಿಸಿ.

ಅದಕ್ಕೂ ಮೊದಲು ಒಂದು ಕೆಲಸ. ಊಟದ ಹೊತ್ತಿಗೆ ಎದುರಿಗೆ ಕೂತವರನ್ನು ಸರಿಯಾಗಿ ನೋಡಿ. ದುಡ್ಡು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ಅವರು ಯಾವ ನೋವನ್ನು ಮುಂದಿನ ವರ್ಷಕ್ಕೆ ತಳ್ಳುತ್ತಿದ್ದಾರೆ ಎಂದು ಕೇಳಿ. ಅವರಾಗಿ ಹೇಳುವುದಿಲ್ಲ. ನೀವೇ ಕೇಳಬೇಕು.